ಲಿಂಬೆ ಬುಟ್ಟಿಯೊಳಗಿನ ಕನ್ನಡಕಗಳು

ನಾನು ಇಂಡಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆಗೆ ನನ್ನ ಮುಖ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಮದುವೆಯ ದಿನ ನನ್ನ ಗದ್ದ ಹಿಡಿದು, ಕೆನ್ನೆ ಸವರಿ, ಹಣೆಯಿಂದ ಮೂಗಿನ ತುದಿಯವರೆಗೆ ಒಂದು ಬೆರಳು ಇಳಿಸಿ, "ಮೂಗು ಉದ್ದ ಐತಿ. ನಡೀತೈತಿ" ಎಂದಿದ್ದರು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ಮಾತ್ರ ಆ ಬೆರಳು ಮುಖದ ಮೇಲೆ ಬಹಳ ಹೊತ್ತು ಉಳಿದಂತಿತ್ತು.

ಮಾವನವರದು ಲಿಂಬೆಯ ವ್ಯಾಪಾರ. ಸುತ್ತಲಿನ ತೋಟಗಳ ಕಾಯಿ ಕೊಂಡು, ದೊಡ್ಡದು, ನಡುವಿನದು, ಸಣ್ಣದು ಎಂದು ಬೇರೆ ಮಾಡಿಸಿ, ಬಿದಿರು ಬುಟ್ಟಿಗೆ ಹುಲ್ಲು ಹಾಸಿ ತುಂಬಿಸಿ ಇಂಡಿ ರೋಡ್ ಸ್ಟೇಶನ್ನಿಗೆ ಕಳಿಸುತ್ತಿದ್ದರು. ಅಲ್ಲಿಂದ ನಮ್ಮ ಸಣ್ಣ ಹಳಿಯ ಗಾಡಿ ಸೊಲ್ಲಾಪುರದವರೆಗೆ. ಸೊಲ್ಲಾಪುರದಲ್ಲಿ ಹಮಾಲರು ಬುಟ್ಟಿಗಳನ್ನು ಇಳಿಸಿ ದೊಡ್ಡ ಹಳಿಯ ಗಾಡಿಗೆ ಏರಿಸಿದರೆ ಮುಂದೆ ಮುಂಬಯಿ. "ಮಾಲು ಕೆಡೂದು ದಾರ್‍ಯಾಗ ಅಲ್ಲ, ಗಾಡಿ ಬದಲಿ ಮಾಡೂ ಜಾಗಾದಾಗ" ಎನ್ನುವುದು ಅವರ ಮಾತು. ನನ್ನ ಗಂಡ ಆಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದರು. ನಾನು ಇಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಪ್ಪತ್ತರ ದಶಕ ನಡುವಿಗೆ ಬಂದಿತ್ತು.

ಒಂದು ಚಳಿಗಾಲದಲ್ಲಿ ಕಣ್ಣಿನ ಡಾಕ್ಟರೊಬ್ಬರು ನಮ್ಮ ಕಡೆಗೆ ಬಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳಲ್ಲಿ ಶಿಬಿರ ಹಾಕಿ ಹಳ್ಳಿಯ ವಯಸ್ಸಾದವರ ಕಣ್ಣಿನ ಪೊರೆ ತೆಗೆದರು. ಅತ್ತೆಯ ಬಲಗಣ್ಣಿನದೂ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಕಣ್ಣು ಪಿಳಿಪಿಳಿ ಮಾಡಿ, "ಬೆಳಕು ಬಂತು. ಆದ್ರ ಮಂದಿ ಎಲ್ಲಿ ಅದಾರ?" ಎಂದು ಕೇಳಿದರು.

ಆಗಿನ ಶಸ್ತ್ರಕ್ರಿಯೆ ಹಾಗಿತ್ತು. ಕಣ್ಣಿನೊಳಗಿನ ಮಸೂರವನ್ನೇ ತೆಗೆದುಬಿಡುತ್ತಿದ್ದರು. ಅದರ ಕೆಲಸವನ್ನು ಹೊರಗೆ ಮೂಗಿನ ಮೇಲೆ ಕೂತ ದಪ್ಪ ಗಾಜು ಮಾಡಬೇಕು. ಆ ಗಾಜು ಸಿಗುವ ತನಕ ಬೆಳಕು ಉಂಟು, ಬಣ್ಣ ಉಂಟು, ಆಕಾರವಿಲ್ಲ. ಡಾಕ್ಟರು ಮುಂಬಯಿಯ ಕಾರ್ಖಾನೆಯೊಂದಕ್ಕೆ ಕನ್ನಡಕ ಮಾಡಲು ಹೇಳಿದ್ದರು. ಆದರೆ ಅಷ್ಟು ದಪ್ಪನೆಯ ಕಚ್ಚಾ ಗಾಜು ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಬಂದ ಮೇಲೆ ಅದನ್ನು ತಿಕ್ಕಿ ಉಬ್ಬು ಕೊಡಬೇಕು, ಹೊಳಪು ಏರಿಸಬೇಕು, ಚೌಕಟ್ಟಿಗೆ ಕೂರಿಸಬೇಕು. ಚಳಿಗಾಲ ಕಳೆಯಿತು, ಹೋಳಿ ಹುಣ್ಣಿಮೆ ಕಳೆಯಿತು, ಗಾಜು ಬರಲಿಲ್ಲ. ಕಣ್ಣು ತೆರೆದುಕೊಂಡೂ ಏನೂ ಕಾಣದ ಮುದುಕರು ನಾಲ್ಕು ತಾಲೂಕುಗಳ ಕಟ್ಟೆಗಳ ಮೇಲೆ ಕಾಯುತ್ತ ಕೂತಿದ್ದರು.

ಬೇಸಿಗೆ ರಜೆ ಶುರುವಾದಾಗ ಡಾಕ್ಟರು ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತರು.

"ಯಜಮಾನ್ರ, ಸಮುದ್ರದಾಚೆ ದೇಶದಿಂದ ಒಂದು ಪೆಟ್ಟಿಗಿ ಬರಾಕತ್ತೈತ್ರಿ," ಎಂದರು ಮಾವನವರಿಗೆ. "ಅಲ್ಲಿ ಮಂದಿ ಹಾಕ್ಕೊಂಡು ಬಿಟ್ಟ ಹಳೇ ಚಸ್ಮಾ. ಅವರ ಊರಾಗೂ ಕಣ್ಣಿನ ಪೊರಿ, ಮೋತಿಬಿಂದು, ತೆಗೀತಾರ. ದಪ್ಪ ಗಾಜಿನವು ಅದ್ರಾಗ ಬೇಕಾದಷ್ಟು ಇರ್ತಾವ. ಮುಂಬಯಿ ಬಂದರಿನ್ಯಾಗ ಇಳದೈತಿ. ಇಲ್ಲೀತನಕ ಒಡೀದಂಗ ತರಿಸಿಕೊಡೋರು ನೀವ ಆಗಬೇಕು."

ಮಾವನವರು ಕೇಳಿದ್ದು ಒಂದೇ ಪ್ರಶ್ನೆ: "ಸೊಲ್ಲಾಪುರದಾಗ ಇಳಸವ್ರು ಯಾರು?"

ಆ ಪೆಟ್ಟಿಗೆಯನ್ನು ತರಲು ಅವರೇ ಸೊಲ್ಲಾಪುರಕ್ಕೆ ಹೋದರು. ಗಾಡಿ ಬದಲಿ ಮಾಡುವಾಗ ಹಮಾಲರ ಜೊತೆ ತಾವೂ ಒಂದು ಕಡೆ ಹಿಡಿದರಂತೆ. ಸ್ಟೇಶನ್ನಿನಿಂದ ಮನೆಗೆ ಬಂಡಿಯಲ್ಲಿ ಬರುವಾಗ ಪೆಟ್ಟಿಗೆಯ ಕೆಳಗೆ ಕಡಲೆ ಹೊಟ್ಟಿನ ಚೀಲ ಹಾಸಿದ್ದರು.

ಅಂಗಳದಲ್ಲಿ ಮೊಳೆ ಕಿತ್ತು ಮುಚ್ಚಳ ತೆಗೆದಾಗ ನಾನು ಬಗ್ಗಿ ನೋಡಿದೆ. ಒಂದರ ಕಾಲಿನೊಳಗೆ ಒಂದು ಸಿಕ್ಕಿಕೊಂಡ ಕನ್ನಡಕಗಳು, ಮೇಲಿನಿಂದ ತಳದವರೆಗೆ. ಗಂಡಸರ ದಪ್ಪ ಕಪ್ಪು ಚೌಕಟ್ಟು. ಹೆಂಗಸರವು ಎರಡೂ ತುದಿಗೆ ರೆಕ್ಕೆಯಂತೆ ಮೇಲೆದ್ದು, ಕೆಲವಕ್ಕೆ ಹೊಳೆಯುವ ಹರಳು. ಜೇನಿನ ಬಣ್ಣ, ನೇರಳೆ ಬಣ್ಣ, ಪಾರದರ್ಶಕ ಗುಲಾಬಿ. ಒಂದು ಕನ್ನಡಕ ಎಷ್ಟು ಸಣ್ಣದಿತ್ತೆಂದರೆ ಮೂರು ನಾಲ್ಕು ವರ್ಷದ ಮಗುವಿನ ಮುಖಕ್ಕಷ್ಟೇ ಹೊಂದೀತು. ನಮ್ಮ ಕಡೆ ಆ ವಯಸ್ಸಿನ ಮಗು ಕನ್ನಡಕ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಇನ್ನೊಂದರ ಕಾಲು ಮಡಿಚುವ ಕೀಲಿಗೆ ಒಂದು ಉದ್ದನೆಯ ಬಿಳಿ ಕೂದಲು ಸುತ್ತಿಕೊಂಡಿತ್ತು.

ಅತ್ತೆಯ ಕೈಗೆ ಅದನ್ನು ಕೊಟ್ಟೆ. ಬೆರಳಿಗೆ ಕೂದಲು ತಾಗಿತು. "ಯಾರದು ಇದು?" ಎಂದರು.

ಡಾಕ್ಟರು ಅಲ್ಲೇ ಇದ್ದರು. ಅವರು ಸುಳ್ಳು ಹೇಳುವವರಲ್ಲ. "ಗೊತ್ತಿಲ್ರಿ ಅಮ್ಮಾರ. ಕೆಲವರು ನಂಬರ್ ಬದಲಿ ಆತು ಅಂತ ಕೊಟ್ಟಿರ್ತಾರ. ಕೆಲವರು ತೀರಿಕೊಂಡ ಮ್ಯಾಲ ಮನಿಯವರು ಕೊಟ್ಟಿರ್ತಾರ."

ಅತ್ತೆ ಕನ್ನಡಕವನ್ನು ಮೆಲ್ಲಗೆ ಕೆಳಗಿಟ್ಟರು. "ಸತ್ತವರ ಅರಿವಿ ಸೈತ ನಾವು ಮನ್ಯಾಗ ಇಟ್ಕೊಳ್ಳೂದಿಲ್ಲ. ಮೋತಿ ಮ್ಯಾಲ ಹೆಂಗ ಹಾಕ್ಕೊಳ್ಳೂದು? ಹಾಕ್ಕೊಳ್ಳಾವ್ರು ಹಾಕ್ಕೊಳ್ಳಿ. ನನಗ ಬ್ಯಾಡ."

ಮಾವನವರು ಮುಚ್ಚಳದ ಮೊಳೆಗಳನ್ನು ಆಯ್ದುಕೊಳ್ಳತೊಡಗಿದರು. ಅತ್ತೆಯ 'ಬ್ಯಾಡ'ಕ್ಕೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ತಮಗೆ ಬೇಡವೆಂದರೂ ಕೆಲಸದಿಂದ ಅವರು ದೂರ ಉಳಿಯಲಿಲ್ಲ. ಅಂಟವಾಳದ ನೊರೆಯಲ್ಲಿ ಎಲ್ಲವನ್ನೂ ತೊಳೆಯಬೇಕೆಂದು ಹಟ ಹಿಡಿದು, ದೊಡ್ಡ ಪಾತ್ರೆ ಮುಂದಿಟ್ಟುಕೊಂಡು ಕೂತರು. ತೊಳೆದದ್ದನ್ನು ಎರಡು ಬೆರಳ ನಡುವೆ ಹಿಡಿದು, ನಡುವೆ ದಪ್ಪ ಇದ್ದರೆ ಒಂದು ಕಡೆ, ಅಂಚು ದಪ್ಪ ಇದ್ದರೆ ಇನ್ನೊಂದು ಕಡೆ ಇಡುತ್ತಿದ್ದರು. ನಡುವೆ ದಪ್ಪ ಇದ್ದವೇ ನಮಗೆ ಬೇಕಾದವು. ಉಳಿದವನ್ನು ಡಾಕ್ಟರು ಬೇರೆ ಊರಿಗೆ ಒಯ್ಯುವವರಿದ್ದರು.

ಆದರೆ ಯಾವ ಗಾಜು ಎಷ್ಟು ಬಲದ್ದು? ಡಾಕ್ಟರ ಹತ್ತಿರ ಅಳೆಯುವ ಯಂತ್ರವಿರಲಿಲ್ಲ. ಅವರು ನನ್ನ ಕಡೆ ನೋಡಿ, "ಅಕ್ಕೋರ, ನೀವು ಸಾಲ್ಯಾಗ ಭೂತಗನ್ನಡಿ ಪಾಠ ಮಾಡೂದಿಲ್ಲೇನ್ರಿ? ಬಿಸಿಲು ಐತಲ್ಲ" ಎಂದರು.

ಮರುದಿನದಿಂದ ನಾನೂ ಅತ್ತೆಯೂ ಮಾಳಿಗೆಯ ಮೇಲೆ. ನೆಲಕ್ಕೆ ಬಿಳಿ ಕಾಗದ ಹಾಸಿ, ಗಾಜನ್ನು ಸೂರ್ಯನ ಎದುರು ಹಿಡಿದು, ಮೇಲೆ ಕೆಳಗೆ ಮಾಡುತ್ತ ಹೋದರೆ, ಒಂದು ಎತ್ತರದಲ್ಲಿ ಬೆಳಕೆಲ್ಲ ಕೂಡಿ ಸಾಸಿವೆಯಷ್ಟು ಚುಕ್ಕಿಯಾಗುತ್ತದೆ. ಆಗ ಗಾಜಿಗೂ ಕಾಗದಕ್ಕೂ ಎಷ್ಟು ದೂರ ಎಂದು ಅಳತೆಪಟ್ಟಿಯಲ್ಲಿ ನೋಡಬೇಕು. ದೂರ ಕಡಿಮೆಯಾದಷ್ಟೂ ಗಾಜಿನ ಬಲ ಹೆಚ್ಚು. ಪೊರೆ ತೆಗೆಸಿದವರ ಗಾಜಿಗೆ ಅರ್ಧ ಗೇಣಿನಷ್ಟೂ ದೂರ ಇರುತ್ತಿರಲಿಲ್ಲ. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಶಾಲೆಯಲ್ಲಿದ್ದುದು ಒಂದೇ ಭೂತಗನ್ನಡಿ, ಅದಕ್ಕೂ ಅಂಚು ಒಡೆದಿತ್ತು. ಇಲ್ಲಿ ನನ್ನ ಕೈಯಿಂದ ಒಂದಾದ ಮೇಲೊಂದು ಸೂರ್ಯ ಕಾಗದಕ್ಕೆ ಬೀಳುತ್ತಿದ್ದ. ಎಚ್ಚರ ತಪ್ಪಿದರೆ ಕಾಗದ ಕಂದಾಗಿ ಎಳೆ ಹೊಗೆ ಏಳುತ್ತಿತ್ತು.

"ಏನ್ ಸುಡಾಕತ್ತೈತಿ ಬೇ?" ಎಂದರು ಅತ್ತೆ.

"ಅಂಗೈ ಕೊಡ್ರಿ ಅತ್ತಿ." ಒಂದು ದಪ್ಪ ಗಾಜನ್ನು ಅವರ ಅಂಗೈ ಮೇಲೆ ಹಿಡಿದು ನಿಧಾನಕ್ಕೆ ಎತ್ತಿದೆ. ಮೊದಲು ಅಗಲವಾಗಿದ್ದ ಬೆಳಕು ಕುಗ್ಗುತ್ತ, ಕುಗ್ಗುತ್ತ ಚುಕ್ಕಿಯಾಗುವಷ್ಟರಲ್ಲಿ ಅವರು ಚುರ್ ಎಂದು ಕೈ ಎಳೆದುಕೊಂಡರು. ಆಮೇಲೆ ಆ ಅಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, ಏನೋ ಸಿಕ್ಕವರ ಹಾಗೆ ಕೂತರು. "ಸೂರ್ಯಪ್ಪನ್ನ ಹಿಡದು ಕೈಯಾಗ ಇಟ್ಯಲ್ಲ ಬೇ," ಎಂದರು. "ಇನ್ನೊಮ್ಮಿ ಹಿಡಿ."

ಸಂಜೆ ಮಾವನವರು ಮೇಲೆ ಬಂದು ನೋಡಿದರು. ಬಹಳ ಹೊತ್ತು ನಿಂತು ಕೇಳಿದರು: "ಯವ್ವಾ, ಈ ಬಿಸಿಲಿನ ಅಳತಿ ಎಲ್ಲಾ ದೇಶದಾಗೂ ಒಂದ ಏನು?"

"ಹೌದ್ರಿ ಮಾವಾರ. ಅವರ ಊರಾಗ ಹಿಡಿದ್ರೂ ಚುಕ್ಕಿ ಇಷ್ಟ ದೂರಕ್ಕ ಬೀಳ್ತೈತಿ."

ಅವರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮ ಇಂಡಿ ದೊಡ್ಡ ಲಿಂಬಿ ಮುಂಬಯಿಗೆ ಹೋದ್ರ ನಡುವಿಂದು ಅಂತಾರ. ಸೊಲ್ಲಾಪುರದ ತೂಕ ಬ್ಯಾರೆ, ಚಡಚಣದ ತೂಕ ಬ್ಯಾರೆ. ಇದೊಂದು ಬದಲಿ ಆಗೂದಿಲ್ಲ ಅಂದಂಗಾತು." ಅವರು ಅಂಥ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನನಗೂ ಹಾಗೆಯೇ ಆಗುತ್ತಿತ್ತು. ಎಲ್ಲಿಯದೋ ಮರಳು ಯಾವುದೋ ಕುಲುಮೆಯಲ್ಲಿ ಕರಗಿ ಗಾಜಾಗಿ, ಯಾರೋ ಅದನ್ನು ಒಂದೇ ಉಬ್ಬಿಗೆ ಬರುವ ತನಕ ತಿಕ್ಕಿ, ಯಾವುದೋ ಪೇಟೆಯ ಅಂಗಡಿಯಲ್ಲಿ ಒಬ್ಬಾಕೆಯ ಮೂಗಿನ ಮೇಲೆ ಕೂತು, ಆಕೆಗೆ ಮೊಮ್ಮಕ್ಕಳನ್ನೋ ಹಿಮವನ್ನೋ ತೋರಿಸಿ, ಆಮೇಲೆ ಪೆಟ್ಟಿಗೆ ಸೇರಿ, ಹಡಗು ಹತ್ತಿ, ಇಂಡಿಯ ಮಣ್ಣಿನ ಮಾಳಿಗೆಗೆ ಬಂದಿತ್ತು. ಇಷ್ಟೆಲ್ಲ ದಾರಿ ನಡೆದರೂ ಅದು ತನ್ನ ಕೆಲಸ ಮರೆತಿರಲಿಲ್ಲ. ಬಿಸಿಲಿಗೆ ಹಿಡಿದ ಕೂಡಲೇ ಚುಕ್ಕಿ ತೋರಿಸುತ್ತಿತ್ತು.

ಅಳೆದು ಮುಗಿದ ಮೇಲೆ ಮಾವನವರು ತಮ್ಮ ಪದ್ಧತಿ ತಂದರು. ಒಂದೊಂದು ಬಲದ ಕನ್ನಡಕದ ಕಾಲಿಗೆ ಒಂದೊಂದು ಬಣ್ಣದ ನೂಲು. ಲಿಂಬೆಯ ಬುಟ್ಟಿಗಳಿಗೆ ಹುಲ್ಲು ಹಾಸಿ, ಹಳೆಯ ಧೋತರದ ತುಂಡುಗಳಲ್ಲಿ ಸುತ್ತಿ, ಊರಿಗೊಂದರಂತೆ ತುಂಬಿಸಿದರು. ಎಷ್ಟು ಝಾಡಿಸಿದರೂ ಬುಟ್ಟಿಗಳಿಂದ ಲಿಂಬೆಯ ವಾಸನೆ ಹೋಗಲಿಲ್ಲ.

ಇಂಡಿಯಲ್ಲಿ ಹಂಚುವುದು ಸುಲಭವಾಗಿ ಮುಗಿಯಿತು. ಉಳಿದ ಮೂರು ಊರುಗಳಿಗೆ ಡಾಕ್ಟರ ಜೀಪಿನಲ್ಲಿ ಹೋಗಬೇಕಿತ್ತು, ಮತ್ತು ಬುಟ್ಟಿಯ ಗುಟ್ಟು ತಿಳಿದವಳು ನಾನು. "ಸೊಸಿ ಒಬ್ಬಾಕೀನ ಕಳಸೂದಿಲ್ಲ. ನಾ ಹೋಗ್ತೇನಿ ಜೋಡಿಗೆ," ಎಂದರು ಅತ್ತೆ. ನನ್ನ ಮೇಲೆ ಕಣ್ಣಿಡಲು ಕಣ್ಣು ಕಾಣದವರು ಹೊರಟರು. ಡಾಕ್ಟರು ನಗು ತಡೆದುಕೊಂಡು ಜೀಪಿನ ಮುಂದಿನ ಸೀಟು ಬಿಟ್ಟುಕೊಟ್ಟರು.

ಬಸವನ ಬಾಗೇವಾಡಿಯಲ್ಲಿ ಒಂದು ಗೋದಾಮಿನ ಕಟ್ಟೆಯ ಮೇಲೆ ಎಲ್ಲರೂ ಕಾಯುತ್ತಿದ್ದರು. ಡಾಕ್ಟರು ಒಬ್ಬೊಬ್ಬರ ಕಣ್ಣು ನೋಡಿ "ಕೆಂಪು", "ಹಸಿರು" ಎನ್ನುವರು, ನಾನು ಆ ನೂಲಿನ ಕನ್ನಡಕ ತೆಗೆದುಕೊಡುವೆ. ಮೊದಲು ಬಂದವನು ಒಬ್ಬ ಎತ್ತರದ ರೈತ, ಬಿಳಿ ಮೀಸೆ. ಅವನ ಕಣ್ಣಿಗೆ ಸರಿಹೊಂದಿದ್ದು ಹರಳಿನ ರೆಕ್ಕೆಯ ನೇರಳೆ ಬಣ್ಣದ್ದು. ಅದನ್ನು ಹಾಕಿಕೊಂಡು ತಿರುಗಿದಾಗ ಕಟ್ಟೆಯ ಕೆಳಗೆ ನಿಂತ ಮಂದಿ ಹೊಟ್ಟೆ ಹಿಡಿದು ನಕ್ಕರು. ಅವನು ಸಿಟ್ಟಾಗಲಿಲ್ಲ. ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡಿ, "ನಗ್ರಿ, ನಗ್ರಿ. ನಿಮ್ಮ ಹಲ್ಲು ಕಾಣಾಕತ್ತಾವ ನನಗ," ಎಂದ. ಅವನು ತನ್ನ ಎರಡೂ ಕೈಗಳನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಯಾರದೋ ಕೈ ಎಂಬಂತೆ ನೋಡುತ್ತ ನಿಂತ.

ಮುದ್ದೇಬಿಹಾಳದಲ್ಲಿ ಬೇರೆಯದೇ ಆಯಿತು. ಒಬ್ಬ ಮುದುಕ ಕನ್ನಡಕ ಹಾಕಿಕೊಳ್ಳುವ ಮೊದಲು, "ಇದು ಯಾರದ್ರಿ?" ಎಂದು ಕೇಳಿದ. ಡಾಕ್ಟರು ನಮ್ಮ ಮನೆಯಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳಿದರು. ಮುದುಕ ಕೈಮುಗಿದು, ಮೊಮ್ಮಗಳ ಭುಜ ಹಿಡಿದು ಎದ್ದು ಹೋದ. ಅವನನ್ನು ಕರೆಯಲು ನಾನು ಮೆಟ್ಟಿಲವರೆಗೆ ಹೋಗಿ ನಿಂತೆ. ಕರೆದು ಏನು ಹೇಳುವುದೆಂದು ತಿಳಿಯಲಿಲ್ಲ. ಅವನ ಕಣ್ಣಿಗೆ ಆಮೇಲೆ ಯಾವ ಗಾಜು ಸಿಕ್ಕಿತೋ, ಸಿಗಲೇ ಇಲ್ಲವೋ ನನಗೆ ಗೊತ್ತಿಲ್ಲ. ಜೀಪಿನಲ್ಲಿ ಅತ್ತೆ ಹೇಳಿದ್ದು ಒಂದೇ ಮಾತು: "ಅಂವ ಮಾಡಿದ್ದು ಸರಿ ಐತಿ."

ಕೊನೆಯ ಊರು ಸಿಂದಗಿ. ಅತ್ತೆಯ ತವರು ಅದೇ ತಾಲೂಕಿನ ಯಂಕಂಚಿ, ಅಲ್ಲಿಯ ಗೌಡರ ಮನೆ. ಅಲ್ಲಿಂದಲೂ ಕೆಲವರು ಬಂದಿರುತ್ತಾರೆಂದು ಅವರು ಬೆಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಶಾಲೆಯೊಂದರ ಪಡಸಾಲೆಯಲ್ಲಿ ಮಂದಿ ಸಾಲಾಗಿ ಕೂತಿದ್ದರು. ಅತ್ತೆ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿದ್ದರು.

ಕಂಬಳಿ ಹೊದ್ದ ಒಬ್ಬ ಮುದುಕಿ ಮುಂದೆ ಬಂದಳು. ಕುರಿ ಕಾಯುವವರ ಮನೆಯಾಕೆ, ಬಿಸಿಲಿಗೆ ಸುಟ್ಟ ಮುಖ. ಡಾಕ್ಟರು "ಹಳದಿ" ಎಂದರು. ನಾನು ಜೇನಿನ ಬಣ್ಣದ ದುಂಡನೆಯ ಕನ್ನಡಕ ತೆಗೆದು ಅವಳ ಕಿವಿಗೆ ಸಿಕ್ಕಿಸಿದೆ. ಆಕೆ ಮೊದಲು ಡಾಕ್ಟರನ್ನು ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ನನ್ನ ಪಕ್ಕಕ್ಕೆ. ಅಲ್ಲಿಯೇ ನಿಂತಿತು ನೋಟ.

"ಸಣ್ಣವ್ವಾ!" ಎಂದಳು.

ತವರಿನ ಹೆಸರು ಕಿವಿಗೆ ಬಿದ್ದು ಅತ್ತೆ ತಟ್ಟನೆ ನೆಟ್ಟಗಾದರು. "ಯಾರದು ಈ ಧ್ವನಿ? ಹಳ್ಳದಾಗ ನನ್ನ ಕೈಯಾಗಿನ ಬಳಿ ಒಡದಾಕಿ ಅಲ್ಲೇನು ನೀ?"

"ಹೌದ ಬೇ, ನಾನ! ನಿನ್ನ ಮೋತಿ ಕಾಣಾಕತ್ತೈತಿ ನನಗ. ಹಣಿ ಮ್ಯಾಲಿನ ಹಚ್ಚಿ ಹಂಗ ಐತಿ ನೋಡು, ಅವತ್ತ ಕೂಡೇ ಕುಂತು ಹಚ್ಚಿಸಿಕೊಂಡಿದ್ದು."

ಅತ್ತೆ ಕೈ ಚಾಚಿದರು. ಆ ಕೈ ಗಾಳಿಯಲ್ಲಿ ಹುಡುಕಿ, ಕಂಬಳಿಯ ಅಂಚು ಸಿಕ್ಕು, ಅಲ್ಲಿಂದ ಭುಜಕ್ಕೆ ಏರಿತು. "ನನಗ ನೀ ಕಾಣೂದಿಲ್ಲಲ್ಲ ಬೇ," ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದು ನನಗೆ ಹೊಸದು.

"ಯಾಕ? ನಿನಗ ಚಸ್ಮಾ ಕೊಟ್ಟಿಲ್ಲೇನು?"

"ಸತ್ತವರದು ಅಂತ ನಾನ ಬ್ಯಾಡ ಅಂದೇನಿ."

ಮುದುಕಿ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ಕೇಳಿದಳು, "ನಮ್ಮಪ್ಪ ಬಿಟ್ಟು ಹೋದ ಕುರಿ ನಾ ಕಾಯ್ಲಿಲ್ಲೇನು? ನಿಮ್ಮಪ್ಪ ಬಿಟ್ಟು ಹೋದ ಹೊಲ ನಿಮ್ಮ ಅಣ್ಣಾರು ಬಿತ್ತಲಿಲ್ಲೇನು? ಆ ಜ್ವಾಳ ನೀ ಉಂಡಿಲ್ಲೇನು? ಎಲ್ಲಾ ಸತ್ತವರದ ಐತಿ ಬೇ. ಚಸ್ಮಾ ಏನ್ ಪಾಪ ಮಾಡೈತಿ?"

ಅಷ್ಟು ಹೇಳಿ ಆಕೆ ತನ್ನ ಕನ್ನಡಕ ತೆಗೆದು, ಎರಡೂ ಕೈಯಿಂದ ಅತ್ತೆಯ ಮೂಗಿನ ಮೇಲೆ ಇಟ್ಟುಬಿಟ್ಟಳು. "ಈಗ ಇದು ನಂದು. ನಾ ಇನ್ನೂ ಸತ್ತಿಲ್ಲ. ನೋಡು ನನ್ನ."

ಪಡಸಾಲೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಹೊರಗೆ ಬೇವಿನ ಮರದಲ್ಲಿ ಕಾಗೆ. ಅತ್ತೆಯ ಬಲಗಣ್ಣು ಆ ಗಾಜಿನ ಹಿಂದೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು. ಅದು ಎದುರಿನ ಮುಖದ ಮೇಲೆ ನಿಂತಿತು. ಸುಕ್ಕು, ಮೂಗುತಿ, ಬಿದ್ದ ಹಲ್ಲಿನ ಸಂದು, ಒಂದೊಂದರ ಮೇಲೂ ನಿಂತು ಮುಂದೆ ಹೋಯಿತು.

"ಎಷ್ಟ ಮುದುಕಿ ಆಗೀಯಲ್ಲ ಬೇ ನೀ!"

"ನೀ ಏನ್ ಹರೇದಾಕಿ ಅದೀಯೇನು?"

ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು. ನಗುತ್ತಲೇ ಅತ್ತೆಯ ಕಣ್ಣಲ್ಲಿ ನೀರು ಬಂತು. ಗೌಡರ ಮನೆಯ ಮಗಳು, ಅಡುಗೆಮನೆಗೆ ಯಾರನ್ನೂ ಸುಲಭವಾಗಿ ಬಿಟ್ಟುಕೊಳ್ಳದ ನನ್ನ ಅತ್ತೆ, ಆ ಕಂಬಳಿಯ ಅಂಚಿನಿಂದಲೇ ಕಣ್ಣೊರೆಸಿಕೊಂಡರು.

ಆಮೇಲೆ ಅವರು ಈ ಕಡೆ ತಿರುಗಿದರು. ನಾನು ಬುಟ್ಟಿಯ ಹಿಂದೆ ಮಂಡಿಯೂರಿ ಕೂತಿದ್ದೆ. ಅವರ ಮನೆಗೆ ಬಂದು ಎರಡು ಮಳೆಗಾಲ ಕಳೆದಿದ್ದವು. ನನ್ನ ಹೆಜ್ಜೆಯ ಸದ್ದು, ಬಳೆಯ ಸದ್ದು, ನಾನು ಬಡಿಯುವ ರೊಟ್ಟಿಯ ಸದ್ದು ಎಲ್ಲ ಅವರಿಗೆ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ. ಆ ನೋಟ ನನ್ನ ಮೇಲೆ ಬಿದ್ದಾಗ ನಾನು ಸೆರಗು ಸರಿಮಾಡಿಕೊಂಡೆ. ಮದುವೆಯ ದಿನಕ್ಕಿಂತ ಹೆಚ್ಚಿನ ನಾಚಿಕೆ, ಹೆದರಿಕೆ, ಹೆಸರಿಲ್ಲದ ಇನ್ನೇನೋ ಎಲ್ಲ ಒಟ್ಟಿಗೆ ಬಂದವು.

"ಇಷ್ಟ ಸಣ್ಣ ಹುಡುಗಿ ಅದೀಯೇನು ನೀ?" ಎಂದರು. "ನಿನ್ನ ಧ್ವನಿ ಕೇಳಿ ನಾ ದೊಡ್ಡಾಕಿ ಅನ್ಕೊಂಡಿದ್ನಲ್ಲ. ಇಷ್ಟ ಸಣ್ಣಾಕಿಗೆ ಅಷ್ಟೆಲ್ಲಾ ಕೆಲಸ ಹೇಳೇನಲ್ಲ ನನ್ನವ್ವಾ."

ನಾನು ಬುಟ್ಟಿಯ ಹುಲ್ಲಿನಲ್ಲಿ ಕೈಯಾಡಿಸುತ್ತ ಕೂತೆ. ಡಾಕ್ಟರು ಕಿಟಕಿಯ ಕಡೆ ತಿರುಗಿ ತಮ್ಮ ಕನ್ನಡಕ ಒರೆಸುತ್ತಿದ್ದರು.

"ಆತು, ನಂದು ನನಗ ಕೊಡು ಇನ್ನ," ಎಂದಳು ಮುದುಕಿ.

ಅತ್ತೆ ಎರಡೂ ಕೈಯಿಂದ ಕನ್ನಡಕದ ಕಾಲು ಹಿಡಿದುಕೊಂಡರು. "ತಡಿ ಬೇ, ಇನ್ನೊಂದೀಟು."

ಕೊನೆಗೆ ಡಾಕ್ಟರೇ ಅವರ ಕಣ್ಣು ಪರೀಕ್ಷಿಸಿ ಬೇರೆಯದನ್ನು ಹುಡುಕಿಕೊಟ್ಟರು. ಗಂಡಸರ ದಪ್ಪ ಕಪ್ಪು ಚೌಕಟ್ಟು. ಅದನ್ನು ಹಾಕಿಕೊಳ್ಳುವ ಮೊದಲು ಅತ್ತೆ ಒಂದು ಕ್ಷಣ ಹಣೆಗೆ ಒತ್ತಿಕೊಂಡು, "ಯಾರದೋ ಏನೋ, ಪುಣ್ಯಾತ್ಮಾ" ಎಂದರು. ಜೀಪು ಹೊರಡುವ ತನಕ ಇಬ್ಬರು ಗೆಳತಿಯರೂ ಬೇವಿನ ಕೆಳಗೆ ಎದುರುಬದುರು ಕೂತು, ಮಾತಿಗಿಂತ ಹೆಚ್ಚು ನೋಡುತ್ತಿದ್ದರು.

ಇಂಡಿಗೆ ಬಂದ ಮೇಲೆ ಕೆಲವು ದಿನ ಮನೆಯಲ್ಲಿ ದೊಡ್ಡ ಗದ್ದಲ. ಆ ದಪ್ಪ ಗಾಜಿನಲ್ಲಿ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಅತ್ತೆ ತಂಬಿಗೆ ಹಿಡಿಯಲು ಹೋದರೆ ಕೈ ಅದರ ಈಚೆಯೇ ಮುಚ್ಚಿಕೊಳ್ಳುವುದು. ನೀರು ಲೋಟದ ಹೊರಗೆ ಬೀಳುವುದು. ಹೊಸ್ತಿಲು ಬರುವ ಮೊದಲೇ ಕಾಲೆತ್ತಿ ದಾಟುವರು. ಆದರೂ ಬೈಯುವ ಹಾಗಿರಲಿಲ್ಲ, ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಅಕ್ಕಿಯೊಳಗಿನ ಕಲ್ಲು ಆರಿಸಲು ನನಗೆ ಮೊರವನ್ನೇ ಕೊಡಲಿಲ್ಲ. ಗೋಡೆಯ ಮೇಲೆ ಇರುವೆ ಸಾಲು ಹೋದರೆ ಅಡುಗೆ ಬಿಟ್ಟು ನಿಂತು ನೋಡುವರು, ನನ್ನನ್ನೂ ಕರೆದು ತೋರಿಸುವರು. ನೋಡಿ ನೋಡಿ ನನಗೂ ಇರುವೆಗಳು ಹೊಸದಾಗಿ ಕಾಣತೊಡಗಿದವು.

ಮಾವನವರು ಮೂರು ನಾಲ್ಕು ದಿನ ತಡೆದು, ಒಂದು ಸಂಜೆ ರುಮಾಲು ಸರಿಮಾಡಿಕೊಂಡು ಎದುರಿಗೆ ಕೂತು ಕೇಳಿದರು, "ಅಲ್ಲ, ನನ್ನ ಮೋತಿ ಹೆಂಗ ಕಾಣ್ತೈತಿ, ಹೇಳಲೇ ಇಲ್ಲಲ್ಲ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಿಂದ ಕನ್ನಡಕ ಮೇಲೇರಿಸಿ, ಅವರನ್ನು ಬಹಳ ಹೊತ್ತು ನೋಡಿದರು.

"ದೊಡ್ಡದು," ಎಂದರು. "ಆದ್ರ ಭಾಳ ಹತ್ರ ಐತಿ."